ಗೋಪುರದೊಳಗಿನ ಕೆಂಡ

ಲಿಡ್ಸ್‌ಡೇಲ್ ಕಣಿವೆ
ಸೋಮವಾರ, ಅಕ್ಟೋಬರ್ ೧೧, ೧೫೯೬

ಪ್ರೀತಿಯ ಗಿಲ್ಬರ್ಟ್,

ಮೈ ಹೇಗಿದೆ? ಆ ಜೌಗಿನಲ್ಲಿ ಅಡಗಿ ಮಲಗಿ ಕೆಮ್ಮು ಹೆಚ್ಚಾಗಿರಬೇಕು. ನಾವು ಕ್ಷೇಮ, ಆದರೆ ಗುಡ್ಡದ ಮೇಲೆ, ದನಗಳ ಜೊತೆ. ನಮ್ಮ ಗೋಪುರದ ಮನೆಯ ಹೊಗೆ ಕಂಡು, ವೈರಿಗಳು ಬಂದಿದ್ದಾರೆಂದು ನೀವು ದೂರವೇ ಉಳಿದಿರುತ್ತೀರಿ. ವೈರಿಗಳು ಯಾರೂ ಬಂದಿಲ್ಲ. ಗುರುವಾರದೊಳಗೆ ನೀವು ಬರಲೇಬೇಕು, ಅದಕ್ಕೇ ಈ ಪತ್ರ.

ಶುಕ್ರವಾರ ಓಟ್ಸ್ ಹಿಟ್ಟು ಕಲೆಸುತ್ತಿದ್ದೆ. ಮೇಲಿನ ಕಿಟಕಿಯಿಂದ ನಿಮ್ಮ ಅಮ್ಮ ಕುದುರೆಗಳು ಬರುತ್ತಿವೆಯೆಂದು ಕೂಗಿದರು. ಯಾರವು ಎಂದು ಕೇಳಲೂ ಪುರುಸೊತ್ತು ಕೊಡಲಿಲ್ಲ. ಒಲೆಗೆಂದು ಒಣಗಿಸಿಟ್ಟ ಜೌಗುಮಣ್ಣಿನ ಹೆಂಟೆಗಳನ್ನೆಲ್ಲ ಕೆಳಕೋಣೆಗೆ ತುಂಬಿ, ಕೆಂಡ ಸುರಿದು ಓಡಿದೆವು. ಒಳಗೆ ಕೆಂಡವಿದ್ದರೆ ಸಿಡಿಮದ್ದಿಟ್ಟು ಗೋಡೆ ಹಾರಿಸಲು ಯಾರಿಗೆ ಧೈರ್ಯ ಬಂದೀತು? ಹಿಟ್ಟು ಅಲ್ಲೇ ಉಳಿಯಿತು, ಆ ಸಂಕಟ ಇನ್ನೂ ಹೋಗಿಲ್ಲ.

ಗುಡ್ಡ ಹತ್ತುವಷ್ಟರಲ್ಲಿ ಹಿಂದೆಯೇ ಬಂದವರು ಗಡಿ ಅಧಿಕಾರಿಯ ಇಬ್ಬರು ಸವಾರರು. ದನ ಕದ್ದ ಆರೋಪಕ್ಕೆ ನಿಮಗೆ ಕ್ಷಮೆ ಸಿಕ್ಕಿದೆಯೆಂದು ಕಾಗದ ಓದಿದರು. ಗುರುವಾರ ಸಂಧಾನದ ಬಯಲಿಗೆ ಬಂದು ಪ್ರಮಾಣ ಮಾಡಬೇಕಂತೆ. ಬಾರದಿದ್ದರೆ ಕಂಡವರು ಕಂಡಲ್ಲಿ ಕೊಲ್ಲಬಹುದಂತೆ. ನಾನು ಕುಣಿಯುವುದೊಂದು ಬಾಕಿ. ಮುದಿಗಣ್ಣು ಮೋಸ ಮಾಡಿತಲ್ಲ ಎಂದು ಅತ್ತೆಯನ್ನು ರೇಗಿಸಿದೆ.

"ನನ್ ಕಣ್ಣು ಚೆನ್ನಾಗೇ ಇದೆ ಕಣೇ," ಎಂದರು. "ಅಧಿಕಾರಿ ಬಾವುಟ ನೋಡ್ಕೊಂಡೇ ಹೊಗೆ ಹಾಕ್ಸಿದ್ದು. ನಿನ್ ಮಾವನೂ ಇಂಥದೇ ಕಾಗದ ನಂಬ್ಕೊಂಡು ಹೋದ್ರು. ಕುದುರೆ ಒಂದೇ ವಾಪಸ್ ಬಂತು."

ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ದಿನದಿಂದ ಮಾತು ಬಿಟ್ಟಿದ್ದೇವೆ, ಹೊದೆಯುವುದು ಮಾತ್ರ ಒಂದೇ ಕಂಬಳಿ. ಅಟ್ಟ ಸುಟ್ಟು ಬಿದ್ದಿದೆ, ಗೋಡೆ ನಿಂತಿದೆ. ಬರೀ ಗೋಡೆ ಕಟ್ಟಿಕೊಂಡು ನಾನೇನು ಮಾಡಲಿ? ಕೂತಲ್ಲಿ ಕೂರಲಾಗುತ್ತಿಲ್ಲ, ಗಳಿಗೆಗೊಮ್ಮೆ ಎದ್ದು ದಾರಿ ನೋಡುತ್ತೇನೆ. ನಾಳೆ ತೊರೆಯಿಂದ ನೀರು ಹೊತ್ತು ಕೆಂಡ ಆರಿಸುತ್ತೇನೆ. ಹೊರಟು ಬನ್ನಿ.

ದೇವರು ನಿಮ್ಮನ್ನು ಕಾಪಾಡಲಿ. ಕುದುರೆಗೂ ನನ್ನ ನೆನಪು ಹೇಳಿ.

ನಿಮ್ಮ
ಎಲ್ಸ್‌ಪೆತ್

ತಾ.ಕ.: ಪತ್ರ ಒಯ್ಯಲು ಬಂದ ಸೂಜಿ-ದಾರದ ವ್ಯಾಪಾರಿ ಈಗ ಹೇಳಿದ: ಹೋದ ತಿಂಗಳು ಇಂಥದೇ ಕ್ಷಮೆಯ ಕಾಗದ ಹಿಡಿದು ಹೋದ ಪಕ್ಕದ ಕಣಿವೆಯ ಮೂವರಲ್ಲಿ ಒಬ್ಬರೂ ಮನೆಗೆ ಮರಳಿಲ್ಲವಂತೆ. ಮೇಲೆ ಬರೆದದ್ದನ್ನು ಮರೆತುಬಿಡಿ, ಬೇರೆ ಬರೆಯಲು ಕಾಗದವಿಲ್ಲ. ಈಗಷ್ಟೇ ಕೆಳಗಿಳಿದು, ಅತ್ತೆ ಎತ್ತಿಕೊಟ್ಟ ಹೆಂಟೆಗಳನ್ನು ನಾನೇ ಕೆಂಡದ ಮೇಲೆ ಹಾಕಿ ಬಂದೆ. ಹೊಗೆ ಕಾಣುತ್ತಿರುವವರೆಗೂ ಬರಬೇಡಿ.