ಟ್ಯಾಗ್ ಕಿತ್ತರೆ ವಾಪಸ್ ಇಲ್ಲ

ಮಾರ್ಚ್ 3, ಸೋಮವಾರ

ಎರಡು ಪಾರ್ಸೆಲ್ ಹೋಯಿತು, ಒಂದು ವಾಪಸ್ ಬಂತು. ಹತ್ತು ದಿನದ ಹಿಂದೆ ಕಳಿಸಿದ ನೀಲಿ ಗೌನು. ಕಾರಣ: "ಬಣ್ಣ ಫೋಟೋದಲ್ಲಿದ್ದ ಹಾಗಿಲ್ಲ." ಬಣ್ಣ ಹಾಗೇ ಇದೆ. ಕತ್ತಿನ ಪಟ್ಟಿಗೆ ಮೆತ್ತಿದ ಮೇಕಪ್ ಮಾತ್ರ ಫೋಟೋದಲ್ಲಿರಲಿಲ್ಲ.

ಅತ್ತೆ ಗೌನನ್ನು ಮೂಗಿನ ಹತ್ತಿರ ಹಿಡಿದರು. "ಸೆಂಟು ಒಳ್ಳೇದೇ ಹಾಕ್ಕೊಂಡಿದ್ದಾಳೆ. ಪಾರ್ಟಿಲಿ ಕುಣಿದಿದ್ದಾಳೆ ಕಣಮ್ಮ, ಕಂಕುಳ ನೋಡು." ನೋಡಿದೆ. ನೋಡಬಾರದಿತ್ತು.

ಈ ವರ್ಷ ಇದು ನಾಲ್ಕನೆಯದು. ಜನವರಿಯಲ್ಲಿ ಒಬ್ಬರು ಗೌನು ಇಟ್ಟುಕೊಂಡು ಡಬ್ಬಿಯಲ್ಲಿ ಹಳೇ ಕಿಟಕಿ ಪರದೆ ಕಳಿಸಿದರು. ಇಸ್ತ್ರಿ ಮಾಡಿ ಕಳಿಸಿದ್ದರು, ಅಷ್ಟು ಮರ್ಯಾದೆ. ನಾನು ಗೌನು ಮಾರುವ ಆ್ಯಪ್‌ನವರಿಗೆ ಬರೆದರೆ ಒಂದೇ ಉತ್ತರ — "ಗ್ರಾಹಕರ ಸಂತೋಷವೇ ನಮ್ಮ ಸಂತೋಷ." ಹೊಲಿಯುವವಳ ಸಂತೋಷದ ಬಗ್ಗೆ ಯಾರೂ ಏನೂ ಬರೆದಿಲ್ಲ.

ಮಾರ್ಚ್ 5, ಬುಧವಾರ

ಇವರು ಲಿಫ್ಟ್ ರಿಪೇರಿ ಮುಗಿಸಿ ಬಂದು ಊಟಕ್ಕೆ ಕೂತಾಗ ಹೇಳಿದರು: "ಕರೆಂಟ್ ಮೀಟರಿಗೆ ಸೀಲ್ ಹಾಕ್ತಾರಲ್ಲ, ಹಾಗೆ ನಿನ್ ಬಟ್ಟೆಗೂ ಒಂದು ಹಾಕು. ಅದನ್ನ ಇಟ್ಕೊಂಡು ಹೊರಗೆ ಹೋಗೋಕೆ ನಾಚಿಕೆ ಆಗ್ಬೇಕು." ಮದುವೆಯಾಗಿ ಹದಿನೈದು ವರ್ಷಕ್ಕೆ ಒಂದು ಕೆಲಸಕ್ಕೆ ಬರುವ ಮಾತು.

ಕೆಂಪು ಟ್ಯಾಗ್. ಅಂಗೈ ಅಗಲ. ಎದೆಯ ಮೇಲೆ, ಕಣ್ಣಿಗೆ ಹೊಡೆಯುವ ಹಾಗೆ. "ಈ ಟ್ಯಾಗ್ ಕಿತ್ತರೆ ವಾಪಸ್ ಇಲ್ಲ." ಇನ್ನೂರು ಪ್ರಿಂಟ್ ಮಾಡಲು ಕೊಟ್ಟೆ. ಕೈಯಲ್ಲೇ ಹೊಲಿಯುತ್ತೇನೆ — ಆರು ಹೊಲಿಗೆ, ಗಂಟು ಒಳಗೆ ಅಡಗಿಸಿ. ಬೇರೆ ಯಾರಾದರೂ ಕಿತ್ತು ಹೊಲಿದರೆ ನನಗೆ ಗೊತ್ತಾಗದೆ ಇರದು.

ಮಾರ್ಚ್ 11, ಮಂಗಳವಾರ

ಟ್ಯಾಗ್ ಹಾಕಿದ ಮೇಲೆ ಐದು ಗೌನು ಹೋಗಿವೆ. ಇನ್ನೂ ಒಂದೂ ವಾಪಸ್ ಬಂದಿಲ್ಲ. ಇವರು ಬೀಗುತ್ತಿದ್ದಾರೆ.

ಆದರೆ ಆ್ಯಪ್‌ನಿಂದ ನೋಟಿಸ್. "ನಿಮ್ಮ ವಾಪಸಾತಿ ಮಿತಿ ಮುಟ್ಟಿದೆ. ನಿಮ್ಮ ತಪ್ಪಿನಿಂದ ಇನ್ನೊಂದು ವಾಪಸಾತಿ ಆದರೆ ಅಂಗಡಿಯನ್ನು ಮುಚ್ಚಲಾಗುವುದು." ಆ ಕಿಟಕಿ ಪರದೆಯೂ ನನ್ನ ತಪ್ಪಂತೆ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಮೊದಲು ಕೆಲಸಕ್ಕಿದ್ದ ಗಾರ್ಮೆಂಟ್ಸ್‌ನ ಸೂಪರ್‌ವೈಸರ್ ಫೋನೂ ಇವತ್ತೇ ಬರಬೇಕೆ. "ಕಾಲರ್ ಲೈನಲ್ಲಿ ಒಂದ್ ಮಿಷನ್ ಖಾಲಿ ಇದೆ. ಯಾವಾಗ ಬರ್ತೀಯ?" ಬರ್ತೀಯಾ ಎಂದು ಕೇಳಲಿಲ್ಲ, ಯಾವಾಗ ಎಂದ.

ಹನ್ನೊಂದು ವರ್ಷ ಬರೀ ಕಾಲರ್ ಹೊಲಿದಿದ್ದೇನೆ. ನನ್ನ ಕಾಲರ್ ಸೇರಿದ ಪೂರ್ತಿ ಅಂಗಿಯನ್ನು ನೋಡಿದ್ದು ಅಂಗಡಿಯ ಗಾಜಿನೊಳಗೆ ಮಾತ್ರ. ಈಗ ಕತ್ತರಿ ಹಾಕುವುದರಿಂದ ಕೊನೆಯ ಗುಂಡಿಯವರೆಗೆ ಎಲ್ಲ ನನ್ನದು. ಮತ್ತೆ ಆ ಲೈನಿಗೆ ಹೋಗಿ ಕೂರಲಾರೆ. ಸತ್ತರೂ ಆಗದು.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ

ಕೆಲಸ ಬದಿಗಿಟ್ಟು ಕೂತಿದ್ದೇನೆ. ಬರೆದುಬಿಡುತ್ತೇನೆ.

ಹನ್ನೊಂದು ಗಂಟೆಗೆ ಒಬ್ಬಳು ಬಂದಳು. ಮುಂದಿನ ಕೋಣೆಯಲ್ಲಿ ಆಲ್ಟರೇಷನ್ ಮಾಡುತ್ತೇನಲ್ಲ, ಅಲ್ಲಿಗೆ. ಹೊರಗೆ ಬೋರ್ಡಿನಲ್ಲಿ "ಲೇಡೀಸ್ ಟೈಲರ್" ಎಂದಷ್ಟೇ ಇದೆ, ಆನ್‌ಲೈನ್ ಅಂಗಡಿಯ ಹೆಸರಿಲ್ಲ. ಮೂವತ್ತರ ಆಸುಪಾಸು, ಒಳ್ಳೆಯ ಚಪ್ಪಲಿ. ಕವರಿನಿಂದ ತೆಗೆದದ್ದು — ನನ್ನ ಹಸಿರು ಗೌನು. ಸೋಮವಾರ ನಾನೇ ಮಡಚಿ ಕಳಿಸಿದ್ದು.

"ಅಕ್ಕ, ಈ ಟ್ಯಾಗ್ ಹುಷಾರಾಗಿ ಬಿಚ್ಚಿಕೊಡ್ತೀರಾ? ನಾಳೆ ಒಂದು ಫಂಕ್ಷನ್ ಇದೆ. ಭಾನುವಾರ ತರ್ತೀನಿ, ಹಂಗೇ ಹೊಲಿದುಕೊಡಿ. ಯಾರಿಗೂ ಗೊತ್ತಾಗ್ಬಾರ್ದು."

ಆಗ ಸೆಂಟು ಮೂಗಿಗೆ ಬಡಿಯಿತು. ನೀಲಿ ಗೌನಿನ ಸೆಂಟು. ಕೊಳ್ಳುವವರ ಹೆಸರು, ವಿಳಾಸ ಆ್ಯಪ್‌ನವರು ನಮಗೆ ತೋರಿಸುವುದಿಲ್ಲ. ಮಹಾರಾಣಿ ಇದೇ ಊರಿನವಳೆಂದು ಇವತ್ತೇ ಗೊತ್ತಾದದ್ದು.

ಪಿತ್ತ ನೆತ್ತಿಗೇರಿತು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಗೌನಿನ ನಡುಪಟ್ಟಿ ಸವರುತ್ತ ಹೇಳಿದಳು: "ಈ ಆನ್‌ಲೈನ್ ಅಂಗಡಿಯವರ ಹತ್ರ ಇದು ಮೂರನೇದು ಅಕ್ಕ. ಬೇರೆ ಯಾರದ್ದೂ ನನಗೆ ಹಿಂಗೆ ಕೂರಲ್ಲ. ಯಾರೋ ಕೈ ಪಳಗಿದವರು. ನೋಡಿ, ಒಳಗಡೆನೂ ಎಷ್ಟು ನೀಟಾಗಿದೆ."

ಎರಡು ವರ್ಷದಲ್ಲಿ ಗಿರಾಕಿಯೊಬ್ಬರು ಬಟ್ಟೆ ಮಗುಚಿ ಒಳಹೊಲಿಗೆ ನೋಡಿದ್ದು ಇದೇ ಮೊದಲು. ಹೇಳಲು ನಾಚಿಕೆ... ಉಬ್ಬಿಹೋದೆ. ಕೂತು ಆರೂ ಹೊಲಿಗೆ ಬಿಚ್ಚಿದೆ. ನಾನೇ ಹಾಕಿದ್ದನ್ನು ನಾನೇ.

ಟ್ಯಾಗ್ ಮಾತ್ರ ಕೊಡಲಿಲ್ಲ. "ಇಲ್ಲೇ ಇರಲಿ, ಕಳೆದುಹೋಗತ್ತೆ. ಭಾನುವಾರ ಬನ್ನಿ" ಎಂದೆ. ಟ್ಯಾಗ್ ನನ್ನ ಹತ್ತಿರ ಇದ್ದರೆ ಬಂದೇ ಬರಬೇಕು. ಬಂದಾಗ ಹಿಡಿದು ಮುಖಕ್ಕೇ ಹೇಳೋಣವೆಂದುಕೊಂಡೆ. ಹೊರಡುವಾಗ ಅವಳು ಮೇಜಿನ ಕಡೆ ಒಮ್ಮೆ ನೋಡಿದಳು. "ಸರಿ ಅಕ್ಕ" ಎಂದಳು, ಸ್ವಲ್ಪ ಮೆಲ್ಲಗೆ.

ಮಾರ್ಚ್ 16, ಭಾನುವಾರ

ಬೆಳಿಗ್ಗೆಯಿಂದ ಕಾದೆ. ಹೇಳಬೇಕಾದದ್ದೆಲ್ಲ ಬಾಯಿಪಾಠ. "ಈ ಗೌನು ಹೊಲಿದದ್ದೇ ನಾನು" ಎಂದು ಶುರು. ಅತ್ತೆ ಅವಳ ಪಾತ್ರ ಮಾಡಿ ಪ್ರಾಕ್ಟೀಸ್ ಮಾಡಿಸಿದರು. ಚೆನ್ನಾಗಿ ಅತ್ತರು ಕೂಡ. ಇವರು ಸಾಕ್ಷಿಗೆಂದು ಬಾಗಿಲ ಹತ್ತಿರ ಪೇಪರ್ ಹಿಡಿದು ಕೂತರು, ಅಲ್ಲೇ ನಿದ್ದೆ ಹೋದರು.

ಬರಲಿಲ್ಲ.

ಮಾರ್ಚ್ 17

ಇವತ್ತೂ ಇಲ್ಲ. ಹುಷಾರಿಲ್ಲವೋ ಏನೋ — ಹೀಗೆ ಯೋಚಿಸಿದೆ, ನನ್ನ ಬುದ್ಧಿಗಿಷ್ಟು.

ಮಾರ್ಚ್ 18, ಮಂಗಳವಾರ

ಆ್ಯಪ್‌ನಲ್ಲಿ ವಾಪಸಾತಿ ಅರ್ಜಿ. ಹಸಿರು ಗೌನು. ಕಾರಣ: "ಟ್ಯಾಗ್ ಇಲ್ಲ. ಬಳಸಿದ ಬಟ್ಟೆ ಕಳಿಸಿದ್ದಾರೆ." ಜೊತೆಗೆ ಫೋಟೋ. ಎದೆಯ ಮೇಲಿನ ಸೂಜಿ ತೂತುಗಳು, ತೀರ ಹತ್ತಿರದಿಂದ, ಒಳ್ಳೆಯ ಬೆಳಕಿನಲ್ಲಿ.

ಅರ್ಥವಾಗಲು ಐದು ನಿಮಿಷ ಬೇಕಾಯಿತು. ಮೇಜಿನ ಮೇಲೆ ಮಿಕ್ಕ ಟ್ಯಾಗ್‌ಗಳ ಕಟ್ಟು ಬಿದ್ದಿದೆ. ಶುಕ್ರವಾರವೂ ಅಲ್ಲೇ ಬಿದ್ದಿತ್ತು. ಹೊರಡುವಾಗ ಅವಳು ನೋಡಿದ್ದು ಅದನ್ನೇ. ಯಾರ ಮನೆಗೆ ಬಂದಿದ್ದೇನೆಂದು ಆ ಗಳಿಗೆಯಲ್ಲೇ ತಿಳಿದಿದೆ. ಅವಳನ್ನು ಹಿಡಿಯಲೆಂದು ನಾನು ಇಟ್ಟುಕೊಂಡ ಟ್ಯಾಗು, ಈಗ ಅದು ಗೌನಿನ ಮೇಲೆ ಇಲ್ಲದಿರುವುದೇ ಅವಳಿಗೆ ಸಾಕ್ಷಿ. ಚಳ್ಳೆಹಣ್ಣು ತಿನ್ನಿಸಿ ಹೋದಳು, ಅದೂ ನನ್ನ ಕುರ್ಚಿಯಲ್ಲೇ ಕೂತು.

ಅತ್ತೆಗೆ ಹೇಳಿದೆ. "ಹೊಗಳಿದ ತಕ್ಷಣ ಕರಗಿಬಿಟ್ಯಾ?" ಎಂದರು, ಅಷ್ಟೇ. ಇನ್ನೂ ನಾಲ್ಕು ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಮಾರ್ಚ್ 19, ಬುಧವಾರ

ಸಹಾಯವಾಣಿ. ನಲವತ್ತು ನಿಮಿಷ ಸಂಗೀತ, ಆಮೇಲೆ ಒಬ್ಬಾಕೆ.

"ಮೇಡಂ, ಟ್ಯಾಗ್ ಇದ್ಯೋ ಇಲ್ವೋ?"

"ಕಳಿಸುವಾಗ ಇತ್ತು. ಏನಾಯ್ತು ಅಂದ್ರೆ, ಆ ಗಿರಾಕಿನೇ ನಮ್ಮನೆಗೆ ಬಂದು..."

"ಮೇಡಂ, ಅಷ್ಟೆಲ್ಲ ಬರೆಯೋಕೆ ನನ್ನ ಹತ್ರ ಜಾಗ ಇಲ್ಲ. ಬಟ್ಟೆ ಕೈಗೆ ಬಂದ ದಿನ ಸಂಜೆ ಆರರೊಳಗೆ ಫೋಟೋ ಹಾಕಿ, ಫಾರ್ಮ್ ತುಂಬಿ. ಟ್ಯಾಗ್ ಇದ್ರೆ ಅವರ ಅರ್ಜಿ ಬಿದ್ದುಹೋಗತ್ತೆ. ಇಲ್ಲದಿದ್ರೆ ನಿಮ್ಮ ತಪ್ಪು."

ಫಾರ್ಮ್ ನೋಡಿದೆ. ಎರಡೇ ಗುಂಡಿ — "ಟ್ಯಾಗ್ ಇದೆ", "ಟ್ಯಾಗ್ ಇಲ್ಲ". ಹೊಗಳಿದಳೆಂದು ನಾನೇ ಬಿಚ್ಚಿಕೊಟ್ಟೆ ಎನ್ನುವುದಕ್ಕೆ ಗುಂಡಿಯಿಲ್ಲ.

"ನಡೆದದ್ದು ನಡೆದಂಗೆ ಈಮೇಲ್ ಬರಿ" ಎಂದರು ಇವರು. ಬರೆದೆ. ಓದಿದರೆ ನನಗೇ ನಂಬಿಕೆ ಬರಲಿಲ್ಲ. ಅಳಿಸಿದೆ.

ಮಾರ್ಚ್ 21, ಶುಕ್ರವಾರ. 3 ಗಂಟೆ

ಬಂತು. ಅಚ್ಚುಕಟ್ಟಾಗಿ ಮಡಚಿ ಕಳಿಸಿದ್ದಾಳೆ. ಕಲೆಯಿಲ್ಲ. ಅದೇ ಸೆಂಟು.

"ಟ್ಯಾಗ್ ಇಲ್ಲ" ಒತ್ತಿದರೆ ಅದು ನಿಜ. ಅಂಗಡಿ ಮುಚ್ಚುತ್ತದೆ. ಸೋಮವಾರದಿಂದ ಕಾಲರ್.

5.10

ಹೊಲಿದೆ. ಹಳೇ ತೂತುಗಳಲ್ಲೇ ಸೂಜಿ ಇಳಿಯಿತು. ಗಂಟು ಒಳಗೆ. ಅತ್ತೆ ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಯಾರಿಗೂ ಗೊತ್ತಾಗಲ್ಲ ಬಿಡು" ಎಂದರು. ನನ್ನ ಮುಖ ನೋಡದೆ ಎದ್ದು ಅಡುಗೆಮನೆಗೆ ಹೋದರು.

ಅವಳು ಹೇಳಿದ್ದು ಶುದ್ಧ ಸುಳ್ಳು. ನಾನು ಕಳಿಸುವಾಗ ಟ್ಯಾಗ್ ಇದ್ದದ್ದಂತೂ ನಿಜ. ಇದ್ದದ್ದನ್ನು ಇದ್ದಲ್ಲಿಗೇ ಹೊಲಿದಿದ್ದೇನೆ, ಅಷ್ಟೇ ತಾನೆ... ಅವಳೂ ಕನ್ನಡಿ ಮುಂದೆ ನಿಂತು ಹೀಗೇ ಏನೋ ಹೇಳಿಕೊಳ್ಳುತ್ತಿರಬೇಕು. ಅವಳ ಮೇಲಿದ್ದ ಸಿಟ್ಟು ಈಗ ಎಲ್ಲಿಗೆ ಹೋಗಬೇಕೋ ತಿಳಿಯದೆ ನನ್ನ ಮೇಲೇ ಬಂದು ಕೂತಿದೆ.

5.50

ಫೋಟೋ ಏರಿತು. "ಟ್ಯಾಗ್ ಇದೆ" ಒತ್ತಿದೆ. ಮುಗಿಯಿತೆಂದುಕೊಂಡರೆ ಕೆಳಗೆ ಇನ್ನೊಂದು ಚೌಕ. "ಮೇಲೆ ಹೇಳಿದ್ದೆಲ್ಲ ಸತ್ಯ ಎಂದು ಒಪ್ಪುತ್ತೇನೆ." ಟಿಕ್ ಮಾಡದೆ ಮುಂದೆ ಹೋಗದು.

"ಹೋಯ್ತೇನಮ್ಮ?" ಎಂದು ಅತ್ತೆ ಒಳಗಿಂದ ಕೇಳಿದರು. ಇನ್ನೂ ಇಲ್ಲ ಎಂದೆ.

ಐದು ಐವತ್ತೇಳು. ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಫೋನು. ಬೆರಳು ಚೌಕದ ಮೇಲೇ ಇದೆ. ಬರೆಯುತ್ತಿರುವಷ್ಟು ಹೊತ್ತು ಒತ್ತಬೇಕಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಐವತ್ತೆಂಟು. ಇನ್ನೇನು ಬರೆಯಲಿ — ಗೌನು ನಿಜಕ್ಕೂ ಚೆನ್ನಾಗಿ ಹೊಲಿದಿದ್ದೇನೆ, ಒಳಗಡೆಯೂ