ಪಾಸಿನ ಮೇಲೆ ಹೊಸ ವಿಳಾಸ

ಬೆಳಗಾವಿ
೨ ಡಿಸೆಂಬರ್ ೧೯೭೯, ರವಿವಾರ

ಅವ್ವಾ, ನಿನ್ನ ಕಾಂತಾಳ ಶರಣು.

ಈ ಪತ್ರವನ್ನು ಎಂದಿನಂತೆ ನೆರೆಮನೆಯ ದುಂಡಪ್ಪಣ್ಣನ ಕೈಗೆ ಕೊಟ್ಟು ಓದಿಸಬೇಡ. ನಿನಗೆ ಕಾಣಲೆಂದು ಅಕ್ಷರ ದಪ್ಪಗೆ ಬರೆದಿದ್ದೇನೆ. ಹೊತ್ತು ಹಿಡಿದರೂ ಚಿಂತೆಯಿಲ್ಲ, ನೀನೇ ಓದು.

ನಾನು ಮನೆ ಬಿಟ್ಟ ಸುದ್ದಿ ನಮ್ಮೂರು ಪಾರಿಶ್ವಾಡಕ್ಕೂ ಮುಟ್ಟಿದೆ. ಸಿಟ್ಟು ಇಳಿದ ಮೇಲೆ ಗಂಡನ ಮನೆಗೆ ಹೋಗು ಎಂದು ಬರೆಸಿದ್ದೀ. ಬರೀ ಸಿಟ್ಟಾಗಿದ್ದರೆ ಇಷ್ಟೊತ್ತಿಗೆ ಇಳಿಯುತ್ತಿತ್ತು.

ದೀಪಾವಳಿ ರಜೆ ಮುಗಿಸಿ ಖಾನಾಪುರದ ಸಾಲಿಗೆ ಹೋದ ದಿನ ಹೆಡ್‌ಮಾಸ್ತರು ಕಲ್ಲಯ್ಯನವರು ನನ್ನನ್ನು ಒಳಗೆ ಕರೆದರು. "ಯಾಕ ತಂಗಿ, ನೌಕರಿ ಬಿಡಾಕತ್ತಿ?" ಎಂದರು. ಅವರ ಕೈಯಲ್ಲಿ ನನ್ನ ರಾಜೀನಾಮೆ ಇತ್ತು, ಕೆಳಗೆ ನಾನು ಹಾಕದ ನನ್ನ ಸಹಿ. ಹತ್ತು ವರ್ಷ ಬೆಳಗಾವಿ ಸ್ಟೇಷನ್ನಿನ ಟಿಕೆಟ್ ಕಿಂಡಿಯಲ್ಲಿ ಕೂತು ಪಳಗಿದ ನಿನ್ನ ಅಳಿಯನ ಅಕ್ಷರ ನನಗೆ ಗೊತ್ತಾಗದೇ ಇರುತ್ತದೆಯೇ? ಕಲ್ಲಯ್ಯನವರು ಒಳ್ಳೆಯವರು. ಕಾಗದವನ್ನು ಮೇಲಕ್ಕೆ ಕಳಿಸದೆ ನನ್ನ ಕೈಗೇ ಕೊಟ್ಟರು.

ಸಂಜೆ ಮನೆಯಲ್ಲಿ ಗಂಡನನ್ನು ಕೇಳಿದರೆ ಅವರು ಇಲ್ಲವೆನ್ನಲಿಲ್ಲ. "ಮದುವಿ ಆಗಿ ಆರು ವರ್ಷಾತು. ದಿನಾ ಗಾಡಿ ಹಿಡಿಯೂದೂ ಒಂದು ಸಂಸಾರ ಏನು?" ಎಂದರು. ಮರುದಿನ ನನ್ನ ಟ್ರಂಕು ತೆಗೆದುಕೊಂಡು ಹೊರಬಿದ್ದೆ. ಊರಲ್ಲೇ ಒಬ್ಬ ಮುಸಲ್ಮಾನ ಮುದುಕಿಯ ಮನೆಯ ಹಿಂದಿನ ಕೋಣೆ ಸಿಕ್ಕಿತು. ನೀನು ಮೂಗು ಮುರಿಯಬೇಡ. ಆಕೆ ಒಂದೇ ಒಂದು ಪ್ರಶ್ನೆ ಕೇಳದೆ ಕೀಲಿ ಕೊಟ್ಟಳು.

ನನ್ನ ರೈಲು ಪಾಸು ಮೊನ್ನೆ ಶುಕ್ರವಾರಕ್ಕೆ ಮುಗಿಯುವುದಿತ್ತು, ಶನಿವಾರ ಸಾಲಿಯಲ್ಲಿ ಇನ್ಸ್‌ಪೆಕ್ಷನ್. ಹಳೆಯ ವಿಳಾಸವನ್ನೇ ಇಟ್ಟುಕೊಂಡು ಖಾನಾಪುರದಲ್ಲಿ ಪಾಸು ಮಾಡಿಸಬಹುದಿತ್ತು. ಆದರೆ ಆ ಮನೆಯವಳೆಂದು ಇನ್ನೊಮ್ಮೆ ಸಹಿ ಮಾಡಲು ಕೈ ಬರಲಿಲ್ಲ. ವಿಳಾಸ ಬದಲಿಸುವುದಾದರೆ ಗುರುತಿನ ಚೀಟಿ ಕೊಟ್ಟಲ್ಲೇ, ಬೆಳಗಾವಿಯಲ್ಲೇ, ಅರ್ಜಿ ಕೊಡಬೇಕಂತೆ. ಅಲ್ಲಿ ನಿನ್ನ ಅಳಿಯನದು ಬೆಳಗಿನ ಪಾಳಿ. ಸಂಜೆ ಕಿಂಡಿಯಲ್ಲಿ ಬೇರೆಯವರಿರುತ್ತಾರೆಂದು ಧೈರ್ಯ ಮಾಡಿ ಶುಕ್ರವಾರ ಸಂಜೆ ಸರದಿಯಲ್ಲಿ ನಿಂತೆ. ನನ್ನ ಮುಂದೆ ನಾಲ್ಕು ಜನ ಉಳಿದಾಗ ಒಳಗಿನಿಂದ ಅವರ ಕೆಮ್ಮು ಕೇಳಿಸಿತು. ಪಾಳಿ ಬದಲಾಗಿತ್ತು.

ಕಾಲು ಹಿಂದೆ ಸರಿಯಿತು ಅವ್ವಾ, ಸುಳ್ಳು ಹೇಳುವುದಿಲ್ಲ. ಆದರೆ ಬೆನ್ನ ಹಿಂದೆ ಹದಿನೈದು ಜನ. ಒಬ್ಬೊಬ್ಬರೇ ಸರಿದು ನಾನು ಕಿಂಡಿಯ ಮುಂದೆ ನಿಂತಾಗ, ಅರ್ಜಿ ಹಿಡಿದ ಬೆರಳುಗಳನ್ನು ನೋಡಿಯೇ ಅವರಿಗೆ ಗೊತ್ತಾಯಿತು. ತಲೆ ಎತ್ತಲಿಲ್ಲ. ಹೊಸ ವಿಳಾಸವನ್ನು ಸಾವಕಾಶ, ಗಟ್ಟಿಯಾಗಿ ಓದಿದರು. ಹಿಂದಿನವರಿಗೆಲ್ಲ ಕೇಳಿಸಿತು.

"ಗಂಡನ ಹೆಸರಿನ ಜಾಗಾ ಖಾಲಿ ಐತಿ."

"ತಂದಿ ಹೆಸರು ಬರದೀನ್ರಿ."

"ಇದು ನಡ್ಯಾಂಗಿಲ್ಲ. ಸೋಮವಾರ ಬರ್ರಿ."

ಬರ್ರಿ! ಆರು ವರ್ಷ 'ಬಾ' ಎಂದ ಬಾಯಿ. ಹಿಂದಿನಿಂದ ಯಾರೋ, "ಲಗೂ ಮಾಡ್ರೀ ಅಕ್ಕಾರ, ಗಾಡಿ ಬರೂ ಹೊತ್ತಾತು," ಎಂದರು. ಅವರು ಅರ್ಜಿಯನ್ನು ನನ್ನತ್ತ ತಳ್ಳಿದರು. ನಾನು ಅದನ್ನು ಮತ್ತೆ ಒಳಗೆ ತಳ್ಳಿದೆ.

"ನೀವು ಕೊಡದಿದ್ರ ಸ್ಟೇಷನ್ ಮಾಸ್ತರ ಕಡೆ ಹೋಗತೀನಿ," ಎಂದೆ. "ಬರೇ ಈ ಅರ್ಜಿ ಒಂದನ್ನ ಅಷ್ಟ ಒಯ್ಯಾಂಗಿಲ್ಲ. ಕಲ್ಲಯ್ಯ ಮಾಸ್ತರು ಕೊಟ್ಟ ಕಾಗದಾನೂ ಚೀಲದಾಗ ಐತಿ."

ಆಗ ತಲೆ ಎತ್ತಿದರು. ಮುಖ ಬೂದಿಯಂತಾಗಿತ್ತು. ಸುಳ್ಳು ಸಹಿಯ ಆ ಕಾಗದ ಮೇಲಿನವರ ಕೈ ಸೇರಿದರೆ ಏನಾಗುತ್ತದೆಂದು ನನಗಿಂತ ಅವರಿಗೇ ಹೆಚ್ಚು ಗೊತ್ತು. ಖರೇ ಹೇಳಬೇಕೆಂದರೆ, ಆ ಮುಖ ನೋಡಿ ನನಗೆ ಗೆದ್ದಂತಾಗಲಿಲ್ಲ. ಜ್ವರ ಬಂದಾಗ ರಾತ್ರಿಯೆಲ್ಲ ನನ್ನ ಹಣೆಗೆ ಬಟ್ಟೆ ಇಟ್ಟವರು ಇವರೇ. ಆದರೂ ಕೈ ಹಿಂದೆ ತೆಗೆಯಲಿಲ್ಲ.

ಪೆನ್ನು ಬಿಚ್ಚಿದರು. ಹೊಸ ಚೀಟಿಯ ಮೇಲೆ ನನ್ನ ಹೆಸರು, ನನ್ನ ವಿಳಾಸ ಬರೆದು ಮುದ್ರೆ ಹೊಡೆದರು. ಮೂರು ತಿಂಗಳ ಪಾಸು. ಕೊಡುವಾಗ ಮೆತ್ತಗೆ ಒಂದೆರಡು ಮಾತಾಡಿದರು. ಅದು ಇರಲಿ.

ನಿನ್ನೆ ಬೆಳಿಗ್ಗೆಯ ಗಾಡಿ ಹಿಡಿದೆ. ದೇಸೂರು ದಾಟುವವರೆಗೂ ಪ್ರತಿ ಡಬ್ಬಿಯ ಬಾಗಿಲು ನೋಡುತ್ತಿದ್ದೆ, ಬಂದಾರೇನೋ ಎಂದು. ಬರಲಿಲ್ಲ. ನನ್ನ ಮೂರನೇ ಇಯತ್ತೆಯ ಮಕ್ಕಳು ಸಾಹೇಬರ ಮುಂದೆ ಮಗ್ಗಿಯನ್ನು ತಡವರಿಸದೆ ಹೇಳಿದರು. ಕಲ್ಲಯ್ಯನವರು ನನ್ನ ಹೆಸರಿನ ಮುಂದೆ ಹಾಜರಿ ಹಾಕಿ, ಚಹಾ ಕೊಡಿಸಿದರು.

ಮಂಡಿನೋವಿಗೆ ಎಣ್ಣೆ ಬಿಡದೆ ಹಚ್ಚಿಕೊ. ತಂಡಿಯಲ್ಲಿ ಹೊರಗೆ ಕೂಡಬೇಡ.

ನಿನ್ನ ಮಗಳು,
ಕಾಂತಾ

ತಾ.ಕ.: ಇರಲಿ ಎಂದು ಬಿಟ್ಟ ಮಾತನ್ನು ಬರೆಯದೆ ಲಕೋಟೆ ಅಂಟಿಸಲು ಆಗುತ್ತಿಲ್ಲ. ಪಾಸು ಕೊಡುತ್ತ ಅವರು ಹೇಳಿದರು: "ಸಹಿ ನಂದ, ಒಪ್ಪತೀನಿ. ಆದರ ನೌಕರಿ ಬಿಡಿಸಿದರ ಅಷ್ಟ ಮನ್ಯಾಗ ತೊಟ್ಟಿಲಾ ತೂಗತೈತಿ, ರಾಜೀನಾಮೆ ನೀನ ಬರದು ಕೊಡು ಅಂತ ದೀಪಾವಳಿ ಹಬ್ಬದಾಗ ಕೈ ಹಿಡದು ಹೇಳಿದಾಕಿ ನಿಮ್ಮವ್ವ." 'ಅದು ಸುಳ್ಳು' ಎಂದು ಹೇಳಿ ಬಂದೆ. ಸುಳ್ಳೋ ಖರೇನೋ ನೀನೇ ನಿನ್ನ ಕೈಯಾರೆ ಬರೆ, ಸಾಲಿಯ ವಿಳಾಸಕ್ಕೆ. ನನ್ನ ಮನೆ ಎಲ್ಲಿದೆಯೆಂದು ಈಗ ಅವರಿಗೆ ಗೊತ್ತು. ನಿನಗೆ ಹೇಳಲಿಕ್ಕೆ ಮಾತ್ರ ಇನ್ನೂ ಧೈರ್ಯ ಬರುತ್ತಿಲ್ಲ.