ಹತ್ತು ಸೂಜಿ

ಮನೆಯಿಂದ, ಹೊಲಿಗೆ ಮೆಷಿನ್ನಿನ ಪಕ್ಕ ಕೂತು
ತಾರೀಕು ಹನ್ನೊಂದು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆಯ ನಮಸ್ಕಾರ. ಮಂಡಿನೋವು ಹೇಗಿದೆ? ಮಗಳ ಆರೈಕೆಗೆಂದು ಹೋದವರು ಆ ಮನೆಯ ಮೂರು ಮಹಡಿ ಹತ್ತಿ ಇಳಿದು ನೀವೇ ಹಾಸಿಗೆ ಹಿಡಿಯಬೇಡಿ. ನಾದಿನಿಯ ಕಾಲಿನ ಪ್ಲಾಸ್ಟರ್ ಯಾವಾಗ ಬಿಚ್ಚುತ್ತಾರಂತೆ? ಮೆಟ್ಟಿಲಲ್ಲಿ ಜಾರಿದ್ದು ಅವಳು, ಬೈಸಿಕೊಂಡದ್ದು ಅವಳ ಗಂಡ ಎಂದು ಕೇಳಿ ನಾವಿಬ್ಬರೂ ಇಲ್ಲಿ ನಕ್ಕಿದ್ದೇ ನಕ್ಕಿದ್ದು. ಫೋನಿರುವಾಗ ಇವಳೇಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡಿ. ನಮ್ಮದು ಎರಡು ಕೋಣೆಯ ಮನೆ, ನಿಮಗೆ ಕಿವಿ ಸ್ವಲ್ಪ ಮಂದ. ನಾನು ಫೋನಿನಲ್ಲಿ ಗುಟ್ಟು ಹೇಳಿದರೆ ನಿಮ್ಮೊಬ್ಬರನ್ನು ಬಿಟ್ಟು ಇಡೀ ಬೀದಿಗೆ ಕೇಳಿಸುತ್ತದೆ.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಮಗನ ಫೈಟ್ ಇಪ್ಪತ್ಮೂರನೇ ತಾರೀಕು ಭಾನುವಾರ ಸಂಜೆ ಎಂದು ಗಟ್ಟಿಯಾಯಿತು. ಹೆವಿವೇಟ್ ಬಾಕ್ಸಿಂಗ್ ಪಟ್ಟಕ್ಕೇ. ಆರು ವರ್ಷ ಕಾದದ್ದು ಇದಕ್ಕೆ, ಮೂವತ್ಮೂರು ದಾಟಿದವರಿಗೆ ಇನ್ನೊಂದು ಅವಕಾಶ ಯಾರೂ ತಟ್ಟೆಯಲ್ಲಿಟ್ಟು ಕೊಡುವುದಿಲ್ಲ ಎಂದು ಕೋಚ್ ದಿನಾ ಹೇಳುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಓಟ, ಬಂದು ಆರು ಮೊಟ್ಟೆ, ಆಮೇಲೆ ಜಿಮ್ಮು. ಅಲ್ಲಿ ಲಾರಿಯ ಟೈರಿಗೆ ಸುತ್ತಿಗೆಯಿಂದ ಬಡಿಯುವುದು, ಹಗ್ಗ ಹಾರುವುದು, ಮಲಗಿಕೊಂಡು ಹೊಟ್ಟೆಯ ಮೇಲೆ ಭಾರದ ಚೆಂಡು ಹಾಕಿಸಿಕೊಳ್ಳುವುದು. ತಲೆಗೆ ಪಟ್ಟಿ ಕಟ್ಟಿ ಅದಕ್ಕೆ ತೂಕ ನೇತುಹಾಕಿ ಕತ್ತು ಎತ್ತುತ್ತಾರೆ, ಏಟು ಬಿದ್ದರೆ ತಲೆ ಅಲ್ಲಾಡಬಾರದಂತೆ. ಆ ಪಟ್ಟಿ ಎರಡು ಸಲ ಹರಿದು ನಾನೇ ಹೊಲಿದು ಕೊಟ್ಟೆ. ಭಾನುವಾರ ಟೇಪು ಹಿಡಿದು ಅಳೆದೆ, ಕತ್ತು ಹತ್ತೊಂಬತ್ತು ಇಂಚು. ಇಂಥ ಕತ್ತಿಗೆ ಕಾಲರ್ ಇಡುವಷ್ಟರಲ್ಲಿ ಒಂದು ಮಗುವಿನ ಅಂಗಿಯೇ ಹೊಲಿದು ಮುಗಿಸಬಹುದು. ಬೀದಿಯವರಿಗೆ ಇವರು ಇನ್ನೂ ‘ಬೀರು’ವೇ. ಬಾಗಿಲಲ್ಲಿ ನಿಂತರೆ ಮನೆಯೊಳಗೆ ಲೈಟ್ ಹಾಕಬೇಕು.

ಕೋಚ್ ಅಂತೂ ನೆಲದ ಮೇಲೆ ನಡೆಯುತ್ತಿಲ್ಲ. ಜಿಮ್ಮಿನ ಗೋಡೆ ತುಂಬ ದಪ್ಪ ಅಕ್ಷರದ ಹಾಳೆಗಳು: ‘ಬೆವರು ಇವತ್ತು, ಬೆಲ್ಟು ನಾಳೆ’, ‘ಅವನೂ ಮನುಷ್ಯನೇ’. ಎದುರಾಳಿಯ ಫೋಟೋವನ್ನು ಮರಳಿನ ಚೀಲಕ್ಕೆ ಅಂಟಿಸಿದ್ದಾರೆ. ಅವನಿಗೆ ಇವರೆಲ್ಲ ಇಟ್ಟ ಹೆಸರು ‘ಕಂಬ’. ಅಷ್ಟು ಎತ್ತರ. ಬಲಗೈ ಬೀಸಿದನೆಂದರೆ ಮುಗಿಯಿತಂತೆ, ಹೋದ ವರ್ಷ ಅವನ ಬಲಗೈಗೆ ಸಿಕ್ಕವನು ಎರಡು ದಿನ ತನ್ನ ಮನೆಯವರನ್ನೇ ಗುರುತು ಹಿಡಿಯಲಿಲ್ಲ. ಇರಲಿ, ಅದನ್ನೆಲ್ಲ ನಿಮಗೆ ಬರೆದು ಹೆದರಿಸಬಾರದು.

ನಮ್ಮ ಕೋಚ್‌ನ ಹಳೆಯ ಪದ್ಧತಿ ನಿಮಗೆ ಗೊತ್ತೇ ಇದೆ. ರಿಂಗಿಗೆ ಹೋಗುವ ಮುಂಚೆ ಡ್ರೆಸಿಂಗ್ ರೂಮಿನಲ್ಲಿ ಮನೆಯವರ ಕಾಗದ ಓದಿಸುವುದು. ಕೈಗೆ ಗ್ಲೌಸ್ ಹಾಕಿಯಾದ ಮೇಲೆ ಕೋಚ್ ಕಾಗದ ಹಿಡಿದು ನಿಲ್ಲುತ್ತಾರೆ, ಇವರು ಓದುತ್ತಾರೆ. ಹೋದ ಸಲ ಕೋಚ್ ನಿಮ್ಮಿಂದ ಬೆಂಕಿಯಂಥ ಮಾತು ಬಯಸಿದ್ದರು. ನೀವು ಬರೆದದ್ದು, ‘ಬೇಗ ಮುಗಿಸಿ ಬಾ, ಅನ್ನ ಆರಿಹೋಗುತ್ತೆ.’ ಇವರು ಮೂರನೇ ಸುತ್ತಿಗೇ ಮುಗಿಸಿ ಬಂದರು! ಈ ಸಲವೂ ಕೋಚ್ ನನ್ನನ್ನು ಹಿಡಿದು, “ಅಮ್ಮನ ಹತ್ರ ನಾಲ್ಕು ಸಾಲು ಬರೆಸಿ ತರಿಸಮ್ಮಾ, ರಕ್ತ ಕುದೀಬೇಕು” ಎಂದರು. ಈ ಕಾಗದ ಬರೆಯಲು ಕೂತದ್ದು ಅದಕ್ಕೇ. ಆದರೆ ಕೂತ ಮೇಲೆ ಕೈ ಬೇರೆಯದನ್ನೇ ಬರೆಯುತ್ತಿದೆ.

ಅತ್ತೆ, ನನಗೆ ಒಂದೂ ತಿಳಿಯುತ್ತಿಲ್ಲ. ತಲೆ ಕೆಟ್ಟು ಕೆರ ಹಿಡಿದಿದೆ. ಎರಡು ತಿಂಗಳ ಹಿಂದೆ ಅಭ್ಯಾಸದಲ್ಲಿ ಎಡಗಣ್ಣಿಗೆ ಏಟು ಬಿದ್ದು ಊದಿಕೊಂಡದ್ದು ನಿಮಗೆ ನೆನಪಿದೆಯಲ್ಲ, ನೀವೇ ಐಸ್ ಇಟ್ಟಿರಿ. ಊತ ವಾರದಲ್ಲಿ ಇಳಿಯಿತು. ಆಮೇಲೆ ನೀವು ಮಗಳ ಊರಿಗೆ ಹೊರಟಿರಿ. ಈಗ ನೋಡಿದರೆ, ತೆರೆದ ಕಿಟಕಿಯ ಬಾಗಿಲಿಗೆ ಇವರ ಎಡ ಭುಜ ದಿನಕ್ಕೆರಡು ಸಲ ತಾಗುತ್ತದೆ. ನಾನು ಎಡಗಡೆಯಿಂದ ಬಂದು ಮಾತಾಡಿಸಿದರೆ ಬೆಚ್ಚಿಬೀಳುತ್ತಾರೆ. ಮೊನ್ನೆ ಜಗ್ಗಿನಿಂದ ನೀರು ಬಗ್ಗಿಸಿದರು, ಲೋಟದ ಪಕ್ಕಕ್ಕೇ ಬಗ್ಗಿಸಿದರು, ಮೇಜು ತುಂಬ ನೀರು. ಮಂಚದಲ್ಲಿ ನನ್ನ ಜಾಗ ಬದಲಾಯಿಸಿ ಬಲಕ್ಕೆ ಮಲಗು ಎಂದರು, ಏಕೆ ಎಂದು ಕೇಳಿದರೆ “ಸುಮ್ನೆ.” ಕೋಚ್‌ಗೆ ಹೇಳಿದೆ. ಅವರು ನಕ್ಕು, “ತಲೆ ತುಂಬ ಫೈಟೇ ಇದೆಯಮ್ಮಾ, ಏಕಾಗ್ರತೆ ಅಂದ್ರೆ ಇದೇ” ಎಂದರು. ಇರಬಹುದೇ? ಏಕಾಗ್ರತೆ ಬರೀ ಎಡಗಡೆಗೆ ಮಾತ್ರ ಬರುತ್ತದೆಯೇ?

ಧೈರ್ಯ ಮಾಡಿ ಇವರನ್ನೇ ಕೇಳಿದೆ. ಕೇಳಿದ್ದಕ್ಕೆ ಸಿಕ್ಕ ಉತ್ತರ, “ಕಣ್ಣು ಸರಿಯಿಲ್ದೋನು ದಿನಾ ಹತ್ತು ಸೂಜಿಗೆ ದಾರ ಹಾಕ್ತಾನೇನೇ?” ಆ ಮಾತು ನಿಜ ತಾನೇ. ಮದುವೆಯಾದ ಮೂರನೇ ದಿನದಿಂದ ನಡೆದುಬಂದದ್ದು ಅದು. ನನಗೆ ಹತ್ತಿರದ್ದು ಮಂಜು ಮಂಜು, ಕನ್ನಡಕ ಹಾಕಿದರೂ ಸೂಜಿಯ ಕಣ್ಣು ಸಿಗುವುದಿಲ್ಲ. ಇವರು ಓಟ ಮುಗಿಸಿ ಬಂದು, ಬಾಳೆಹಣ್ಣಿನಂಥ ಬೆರಳಲ್ಲಿ ಹತ್ತು ಸೂಜಿಗೆ ದಾರ ಪೋಣಿಸಿ ಪಿನ್ನಿನ ದಿಂಬಿಗೆ ಚುಚ್ಚಿಟ್ಟು ಸ್ನಾನಕ್ಕೆ ಹೋಗುತ್ತಿದ್ದರು. ಬೆಳಿಗ್ಗೆ ಪೋಣಿಸಿದ ಹತ್ತು ನನ್ನ ಗುಂಡಿ, ಕಾಜದ ಕೈಹೊಲಿಗೆಗೆ ಸಂಜೆಯವರೆಗೆ ಸಾಕು. ಫೈಟ್ ಇದ್ದ ದಿನವೂ ತಪ್ಪಿಸಿದವರಲ್ಲ. ಕೈ ನಡುಗದಂತೆ ನೋಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಸರತ್ತಿಲ್ಲ ಎನ್ನುತ್ತಿದ್ದರು. ಈಗ ಮೂರು ವಾರದಿಂದ ಮನೆಯಲ್ಲಿ ಸಮಯ ಸಾಲದೆಂದು ದಿಂಬನ್ನು ಜಿಮ್ಮಿಗೇ ಒಯ್ಯುತ್ತಾರೆ, ಊಟಕ್ಕೆ ಬರುವಾಗ ತರುತ್ತಾರೆ. ಒಂದು ದಿನವೂ ಒಂಬತ್ತಾಗಿಲ್ಲ. ದಾರದ ತುದಿಗೆ ಈಗ ಗಂಟು ಬೇರೆ ಹಾಕುತ್ತಾರೆ, ಮೊದಲು ಹಾಕುತ್ತಿರಲಿಲ್ಲ. ನನ್ನ ಮೇಲೆ ಅಕ್ಕರೆ ಹೆಚ್ಚಾಯಿತು ಎಂದು ಒಳಗೊಳಗೇ ಹಿಗ್ಗಿದೆ.

ಹಾಗಾಗಿ ಇದೆಲ್ಲ ನನ್ನ ಹುಚ್ಚೇ ಇರಬೇಕು. ಪ್ರತಿ ಫೈಟಿಗೂ ಮುಂಚೆ ಬೇಡ ಬೇಡ ಎಂದು ಅತ್ತವಳು ನಾನು, ತೋಳ ಬಂತು ತೋಳ ಎಂದು ಕೂಗುವವಳ ಮಾತು ಈಗ ಯಾರು ಕೇಳುತ್ತಾರೆ? ಒಂದು ಗಳಿಗೆ ಇವರ ಮುಖ ನೋಡಿದರೆ ಇಷ್ಟು ಸಂತೋಷವಾಗಿ ಇದ್ದದ್ದನ್ನೇ ನಾನು ಕಂಡಿಲ್ಲ ಅನ್ನಿಸುತ್ತದೆ. ಆರು ವರ್ಷದ ಬೆವರಿಗೆ ನಾನೇ ನೀರೆರಚುವುದೇ? ಮರುಗಳಿಗೆ ಆ ಕಂಬನ ಬಲಗೈ ನೆನಪಾಗುತ್ತದೆ. ಅದು ಬರುವುದು ಇವರ ಎಡಗಡೆಗೇ. ಹೇಳಲೋ ಬೇಡವೋ, ನಂಬಲೋ ಬೇಡವೋ, ಒಂದೂ ಗೊತ್ತಾಗದೆ ನಿನ್ನೆ ಒಬ್ಬರ ಅಂಗಿಗೆ ಎರಡೂ ಎಡಗೈ ತೋಳನ್ನೇ ಜೋಡಿಸಿಬಿಟ್ಟೆ.

ನೀವು ಕೋಚ್ ಕೇಳಿದ ನಾಲ್ಕು ಸಾಲು ಕಳಿಸಿ. ನಿಮ್ಮ ಅಕ್ಷರ ಸಾಸಿವೆ ಕಾಳಿನಷ್ಟು, ಈ ಸಲ ಸ್ವಲ್ಪ ದಪ್ಪಗೆ ಬರೆಯಿರಿ ಎಂದು ಕೋಚ್ ಹೇಳಿದ್ದಾರೆ. ನಾದಿನಿಗೆ ಕಾಲು ಬೇಗ ಊರುವಂತಾಗಲಿ, ಅವಳ ಪುಟ್ಟಿಗೆ ಎರಡು ಕೆನ್ನೆಗೂ ಒಂದೊಂದು ಮುತ್ತು. ನೀವು ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುವುದನ್ನು ಬಿಡಬೇಡಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ, ಈ ಸಲ ಇವರ ಮೇಲೆ ಸ್ವಲ್ಪ ಹೆಚ್ಚೇ ಇರಲಿ.

ಇಂತಿ ನಿಮ್ಮ,
ಎರಡು ಎಡತೋಳಿನ ಸೊಸೆ

ಮರೆತ ಮಾತಲ್ಲ, ಈಗಷ್ಟೇ ತಿಳಿದ ಮಾತು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಬೇಕರಿಯವನು ಬಂದ, ಇವರ ಜೊತೆ ಜಿಮ್ಮಿನಲ್ಲಿ ಅಭ್ಯಾಸ ಮಾಡುತ್ತಾನಲ್ಲ, ಅವನೇ. ಹೊಲಿಯಲು ಕೊಟ್ಟ ಪ್ಯಾಂಟಿಗೆ ಬಂದಿದ್ದ. ಬಂದವನು, “ಅತ್ತಿಗೆ, ಈ ಸೂಜಿ ಕಸರತ್ತಿಂದ ನಂಗೆ ಯಾವಾಗ ಬಿಡುಗಡೆ? ಏಕಾಗ್ರತೆ ಬರ್ಲಿ ಅಂತ ಅಣ್ಣ ದಿನಾ ಹತ್ತು ಪೋಣಿಸೋಕೆ ಕೊಡ್ತಾರೆ. ಮೊದಲು ಅರ್ಧ ಗಂಟೆ ಹಿಡೀತಿತ್ತು, ಈಗ ಎರಡೇ ನಿಮಿಷ ನೋಡಿ!” ಎಂದು ಹೆಮ್ಮೆಯಿಂದ ಹೇಳಿದ. ಗಂಟು ಕೂಡ ಅವನದೇ. ನಾನು ನಕ್ಕು ಪ್ಯಾಂಟು ಮಡಿಸಿ ಕೊಟ್ಟು, ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಇಪ್ಪತ್ತನೇ ತಾರೀಕು ಗುರುವಾರ ಪಂದ್ಯದ ಡಾಕ್ಟರ ಪರೀಕ್ಷೆ. ಸೂಜಿಗೇ ಇಷ್ಟು ಉಪಾಯ ಮಾಡಿದವರು ಡಾಕ್ಟರ ಗೋಡೆಯ ಮೇಲಿನ ಕಣ್ಣುಪರೀಕ್ಷೆಯ ಅಕ್ಷರಗಳನ್ನು ಬಾಯಿಪಾಠ ಮಾಡಿ ಹೋಗುವುದಿಲ್ಲವೇ? ನಾನು ಕೇಳಿದರೆ ಇನ್ನೊಂದು ಉತ್ತರ ಇಟ್ಟುಕೊಂಡಿರುತ್ತಾರೆ. ನಿಮಗೆ ಮಾತ್ರ ಇವರು ಸುಳ್ಳು ಹೇಳಿದವರಲ್ಲ. ಕೋಚ್‌ನ ನಾಲ್ಕು ಸಾಲು ಬೇಡ. ಕಾಗದವನ್ನು ಜಿಮ್ಮಿಗೂ ಕಳಿಸಬೇಡಿ, ಗುರುವಾರಕ್ಕೆ ಮುಂಚೆ ಮನೆಗೇ ಬರುವಂತೆ ಹಾಕಿ. ಮೇಲುಗಡೆ ದಪ್ಪ ಅಕ್ಷರದಲ್ಲಿ, ‘ಮಗನೇ, ಬಲಗಣ್ಣು ಮುಚ್ಚಿಕೊಂಡು ಮುಂದಿನದನ್ನು ನಿನ್ನ ಹೆಂಡತಿಗೆ ಗಟ್ಟಿಯಾಗಿ ಓದು’ ಎಂದು ಬರೆಯಿರಿ. ಅದರ ಕೆಳಗೆ ನಿಮ್ಮ ಸಾಸಿವೆ ಅಕ್ಷರದಲ್ಲಿ ತಾಯಿಯಾಗಿ ಏನು ಹೇಳಬೇಕೋ ಅದನ್ನು ಬರೆಯಿರಿ. ಓದಿಬಿಟ್ಟರೆ ನಾನು ಹುಚ್ಚಿ, ಹೋಗಿ ಗೆದ್ದು ಬರಲಿ. ಓದಲಾಗದಿದ್ದರೆ, ಕನ್ನಡಕ ಹಾಕಿಕೊಂಡು ನಾನೇ ಓದಿ ಹೇಳುತ್ತೇನೆ.